ಹತ್ತು ಗಂಟೆಯವರೆಗೆ ಉತ್ತರ ಹೇಳುವಂತಿಲ್ಲ

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಟ್ಟುನಿಟ್ಟಿನ ನಿಯಮ ಅಂತ ಇರುವುದು ಒಂದೇ. ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಆ ದಿನದ ಪದಬಂಧದ ಉತ್ತರವನ್ನು ಯಾರೂ ಹಾಕಕೂಡದು. ಶಿಕಾರಿಪುರ ಪೇಟೆಯಲ್ಲಿ ಇನ್ನೂ ಕತ್ತಲಿರುವಾಗಲೇ ಪೇಪರಿನ ಕಟ್ಟು ಬಂದು ಬೀಳುತ್ತದೆ. ಶಿರಾಳಕೊಪ್ಪ ದಾಟಿ ಸೊರಬ, ಆನವಟ್ಟಿ ಮುಟ್ಟುವಾಗ ಚೆನ್ನಾಗಿ ಬೆಳಕಾಗಿರುತ್ತದೆ. ಚಂದ್ರಗುತ್ತಿ ಕಡೆಯ ಒಳಹಳ್ಳಿಗಳಿಗೆ ಅದು ಬಸ್ಸಿನಲ್ಲೇ ಹೋಗಬೇಕು. ಮಳೆಗಾಲದಲ್ಲಿ ಆ ಬಸ್ಸೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಪೇಟೆಯಲ್ಲಿ ಕೂತವನು ಆರೂವರೆಗೇ ಎಲ್ಲ ಮನೆ ತುಂಬಿ ಫೋಟೊ ಹಾಕಿಬಿಟ್ಟರೆ, ತೋಟದ ಮನೆಯಲ್ಲಿ ಪೇಪರಿಗೆ ಕಾದು ಕೂತವರ ಬೆಳಗು ಹಾಳು. ಹಾಗಾಗಿ ಕೊನೆಯ ಪೇಪರು ತಲುಪುವ ಹೊತ್ತೇ ನಮ್ಮೆಲ್ಲರ ಹೊತ್ತು.

ಹತ್ತರ ಒಳಗೆ ಕೇಳಬಹುದು, ಗೋಗರೆಯಬಹುದು, ಸುಳಿವಿಗೊಂದು ಸುಳಿವು ಕೊಡಬಹುದು. ಉತ್ತರ ಮಾತ್ರ ಇಲ್ಲ. ಗೊತ್ತಿರುವ ಉತ್ತರವನ್ನು ನಾಲಿಗೆಯ ತುದಿಯಲ್ಲೇ ಹಿಡಿದುಕೊಂಡು, ಎದುರಿನವರು ತಾವೇ ಅಲ್ಲಿಗೆ ಬರಲಿ ಎಂದು ಕಾಯುವುದಿದೆಯಲ್ಲ, ನಮ್ಮ ಗೆಳೆತನ ನಿಂತಿರುವುದು ಅದರ ಮೇಲೆ ಎಂದೇ ನಾನು ತಿಳಿದಿದ್ದೇನೆ.

ನನ್ನದು ಶಿಕಾರಿಪುರದಲ್ಲೊಂದು ಸಣ್ಣ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಹುಚ್ಚರಾಯಸ್ವಾಮಿಯ ತೇರಿನ ಹೊತ್ತಿಗೆ ಒಂದಿಷ್ಟು ಕರಪತ್ರ. ಹುಡುಗನಾಗಿದ್ದಾಗ ಸೀಸದ ಮೊಳೆ ಜೋಡಿಸಿ, ಟ್ರೆಡಲ್ ಮೆಷಿನ್ ತುಳಿದು ಕೆಲಸ ಕಲಿತವನು. ಈಗ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ. ಕೆಲಸವಿಲ್ಲದ ಹೊತ್ತಿನಲ್ಲಿ ‘ಸುಧಾ’, ‘ತರಂಗ’ಗಳ ಪದಬಂಧದ ಪುಟ ಬಿಡಿಸಿ ಕೂರುವುದು ಮೊಳೆಯ ಕಾಲದಿಂದಲೂ ಬಂದ ಅಭ್ಯಾಸ. ಆಗ ಒಬ್ಬನೇ ಕೂತು ತುಂಬುತ್ತಿದ್ದೆ. ಸಿಗದ ಶಬ್ದ ಸಿಗದೇ ಉಳಿಯುತ್ತಿತ್ತು; ಮುಂದಿನ ವಾರದ ಸಂಚಿಕೆ ಬರುವಷ್ಟರಲ್ಲಿ ಸುಳಿವೇ ಮರೆತುಹೋಗಿರುತ್ತಿತ್ತು.

ಗುಂಪು ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಬಸ್ಸು ನಿಂತು ಹಳ್ಳಿಗಳಿಗೆ ಪೇಪರು ಹೋಗುವುದೂ ನಿಂತಾಗ, ಸೊರಬದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಫೋನ್ ಮಾಡಿ, “ಸುದ್ದಿ ಟೀವಿಯಲ್ಲಿ ಬರ್ತದೆ ಮಾರಾಯ, ಪದಬಂಧ ಎಲ್ಲಿ ಬರ್ತದೆ? ಅದೊಂದರ ಫೋಟೊ ಕಳಿಸು” ಅಂದರು. ಅವರಿಗೆ ಕಳಿಸಿದ್ದು ಅವರ ಹಳೆಯ ಶಿಷ್ಯೆಗೆ ಹೋಯಿತು, ಅಲ್ಲಿಂದ ಆನವಟ್ಟಿಗೆ. ಪೇಪರು ಮತ್ತೆ ಬರತೊಡಗಿದ ಮೇಲೆ ಫೋಟೊ ನಿಂತಿತು, ಮಾತು ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ಜನ ಈ ಚೌಕಗಳ ಕಡೆ ತಿರುಗುವುದು ಹೊಸದೇನಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಎಷ್ಟೋ ವರ್ಷ ಪದಬಂಧವನ್ನು ಹತ್ತಿರ ಸೇರಿಸಿರಲಿಲ್ಲ. ಪರ್ಲ್ ಹಾರ್ಬರ್ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿದ ಮೇಲೆ, 1942ರ ಫೆಬ್ರುವರಿಯಲ್ಲಿ, ಓದುಗರ ಮನಸ್ಸಿಗೆ ಒಂದು ಆಸರೆ ಬೇಕೆಂದು ಶುರು ಮಾಡಿತು.

ಈಗ ನಾವು ಹದಿನೈದಕ್ಕಿಂತ ಕಡಿಮೆ ಜನ. ಮೇಷ್ಟ್ರು, ಎಲ್ಲರೂ ಟೀಚರಕ್ಕ ಎಂದು ಕರೆಯುವ ಆನವಟ್ಟಿ ಕಡೆಯ ಅಂಗನವಾಡಿ ಕಾರ್ಯಕರ್ತೆ, ಚಂದ್ರಗುತ್ತಿ ಹತ್ತಿರದ ಅಡಿಕೆ ತೋಟದವರು, ಇವರನ್ನು ಹೆಗಡೇರು ಅನ್ನುತ್ತೇವೆ, ಒಬ್ಬ ಬಸ್ ಕಂಡಕ್ಟರ್, ಶ್ರೀಗಂಧ ಕೆತ್ತುವ ಗುಡಿಗಾರರ ಮನೆಯ ಒಬ್ಬರು, ಶಿರಾಳಕೊಪ್ಪದ ಕಾಲೇಜು ಹುಡುಗಿ. ಜೊತೆಗೆ ಶಿಕಾರಿಪುರದಿಂದ ಮದುವೆಯಾಗಿ ನ್ಯೂಜೆರ್ಸಿಗೆ ಹೋದ ಒಬ್ಬ ತಂಗಿ. ಈ ಊರಿನವರು ಅಲ್ಲಿ ಹೋಗಿ ಕನ್ನಡ ಬಿಡದಿರುವುದು ಆಕೆಯಿಂದ ಶುರುವಾದದ್ದಲ್ಲ. ಅಮೆರಿಕದಲ್ಲಿದ್ದುಕೊಂಡು ‘ಅಮೆರಿಕನ್ನಡ’ ಪತ್ರಿಕೆ ನಡೆಸಿದ ಹರಿಹರೇಶ್ವರ ತಮ್ಮ ಹೆಸರಿನ ಮುಂದೆ ಶಿಕಾರಿಪುರವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು. ನಮ್ಮ ನಿಯಮದ ಭಾರ ಹೆಚ್ಚು ಬೀಳುವುದು ಈ ತಂಗಿಯ ಮೇಲೆ. ನಮಗೆ ಬೆಳಗಾಗುವ ಹೊತ್ತಿಗೆ ಅಲ್ಲಿ ಸಂಜೆ. ಇ-ಪೇಪರು ತೆರೆದು, ಮಕ್ಕಳಿಗೆ ಊಟ ಹಾಕುತ್ತಲೇ ಮುಗಿಸಿಬಿಡುತ್ತಾಳೆ. ನಮ್ಮ ಹತ್ತು ಗಂಟೆ ಎಂದರೆ ಆಕೆಗೆ ನಡುರಾತ್ರಿ. ಅಷ್ಟು ಹೊತ್ತೂ ಉತ್ತರ ಇಟ್ಟುಕೊಂಡಿದ್ದು, “ಹೆಗಡೇರಿಗೆ ಪೇಪರು ಬಂತಾ?” ಎಂದು ಕೇಳಿಯೇ ಮಲಗುತ್ತಾಳೆ.

ಕನ್ನಡ ಪದಬಂಧ ಗೊತ್ತಿಲ್ಲದವರಿಗೆ ಅದರ ಒಳಗಿನ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷಿನಲ್ಲಿ 26 ಅಕ್ಷರ, ಒಂದು ಚೌಕಕ್ಕೆ ಒಂದು. ನಮ್ಮಲ್ಲಿ ಚೌಕದೊಳಗೆ ಕೂರುವುದು ಬರಿಯ ವ್ಯಂಜನವಲ್ಲ, ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಪೂರ್ಣ ಅಕ್ಷರ. 34 ವ್ಯಂಜನಗಳಿಗೆ 13 ಸ್ವರ ಕೂಡಿಸಿದರೇ 442 ರೂಪಗಳಾದವು. ಒತ್ತಕ್ಷರ ಸೇರಿದರೆ ಸಾವಿರಗಳಿಗೆ ಹೋಗುತ್ತದೆ. ‘ವಿದ್ಯಾರ್ಥಿನಿ’ ನಾಲ್ಕೇ ಮನೆ: ವಿ, ದ್ಯಾ, ರ್ಥಿ, ನಿ. ಅದೇ ಶಬ್ದವನ್ನು ಮೊಳೆಯಲ್ಲಿ ಜೋಡಿಸುವಾಗ ‘ದ್ಯಾ’ಕ್ಕೆ ‘ಯ’ ಒತ್ತು ಬೇರೆ, ‘ರ್ಥಿ’ಗೆ ಅರ್ಕಾವತ್ತು ಬೇರೆ, ಕೇಸಿನ ಬೇರೆ ಬೇರೆ ಖಾನೆಗೆ ಕೈ ಹೋಗುತ್ತಿತ್ತು. ಅಷ್ಟು ತುಂಡುಗಳನ್ನು ಪದಬಂಧ ನಾಲ್ಕು ಮನೆಯಲ್ಲಿ ಕೂರಿಸುತ್ತದೆ.

ಕೂರಿಸಿದ ಮೇಲೆ ಹಾಯಿಸಬೇಕಲ್ಲ, ಕಷ್ಟ ಅಲ್ಲಿದೆ. ಎಡದಿಂದ ಬಲಕ್ಕೆ ‘ಅಲ್ಲಮ’ ಬರೆದಿರೆಂದುಕೊಳ್ಳಿ. ನಡುವಿನ ‘ಲ್ಲ’ದ ಮೇಲೆ ಕೆಳಗೆ ಹೋಗಲು ಬೆಲ್ಲ ಆಗುತ್ತದೆ, ಗಲ್ಲ ಆಗುತ್ತದೆ. ಮಲ್ಲಿಗೆ ಆಗುವುದಿಲ್ಲ, ಅದರದ್ದು ‘ಲ್ಲಿ’. ಕಲ್ಲು, ಹುಲ್ಲು, ಹಲ್ಲು, ಬಿಲ್ಲು ಯಾವುದೂ ಆಗುವುದಿಲ್ಲ, ಅವೆಲ್ಲ ‘ಲ್ಲು’. ಒಂದು ಕೊಂಬು, ಒಂದು ಗುಡಿಸು ತಪ್ಪಿದರೂ ಎರಡು ಶಬ್ದ ಕೂಡುವುದಿಲ್ಲ. ಇದನ್ನು ತಿಳಿದಾಗಲೇ ಅ.ನಾ. ಪ್ರಹ್ಲಾದ ರಾವ್ ಅವರ ಕೆಲಸದ ಅಳತೆ ಸಿಗುವುದು. ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ 1953ರಲ್ಲಿ ಹುಟ್ಟಿ, ವಾರ್ತಾ ಇಲಾಖೆಯಲ್ಲಿ ದುಡಿದು, ಡಾ. ರಾಜ್‌ಕುಮಾರ್ ಬಗ್ಗೆ ಪುಸ್ತಕ ಬರೆದ ಇವರು ಪತ್ರಿಕೆಗಳಿಗಾಗಿ ರಚಿಸಿದ ಕನ್ನಡ ಪದಬಂಧಗಳು 30 ಸಾವಿರಕ್ಕೂ ಹೆಚ್ಚು. ಲಿಮ್ಕಾ ದಾಖಲೆಯ ಪುಸ್ತಕ ಅದನ್ನು ಗುರುತಿಸಿದೆ. ಕನ್ನಡ ಓದುಗರ ಬೆಳಗಿನ ಕಾಫಿಯ ಜೊತೆ ಇಷ್ಟು ವರ್ಷ ಕೂತವರು ಬೇರೆ ಯಾರಿದ್ದಾರೆಂದು ನನಗೆ ತೋಚುವುದಿಲ್ಲ.

ಇನ್ನು ಶಬ್ದಗಳ ಮಾತು. ‘ಆನೆ (2)’ ಎಂದು ಸುಳಿವು ಬಂತೆನ್ನಿ. ಗಜ, ಕರಿ, ಇಭ, ದಂತಿ, ಹಸ್ತಿ, ಎಲ್ಲವೂ ಎರಡೇ ಮನೆ. ಅಡ್ಡ ಹಾಯುವ ಶಬ್ದ ಸಿಗುವವರೆಗೆ ಪೆನ್ಸಿಲ್ ಮೇಲೆತ್ತಿ ಹಿಡಿಯಬೇಕು. ಮಾತಿನಲ್ಲಿ ಎಂದೂ ಬಾರದ ಇಭ, ಅಳಿ, ಅಸಿ, ನಗ ಇವೆಲ್ಲ ನಮ್ಮ ಕಂಡಕ್ಟರಿಗೂ ಟೀಚರಕ್ಕನಿಗೂ ಇವತ್ತು ಬಾಯಿಪಾಠ. ಕಾಲೇಜಿನ ಮೆಟ್ಟಿಲು ಹತ್ತದ ಕಂಡಕ್ಟರು ‘ದುಂಬಿ (2)’ ನೋಡಿದ ಕ್ಷಣ ‘ಅಳಿ’ ಬರೆಯುತ್ತಾರೆ. ಹಳಗನ್ನಡದ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಇದನ್ನು ಕಂಡರೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಮೇಷ್ಟ್ರಿಗೂ ಗೊತ್ತಿಲ್ಲದ್ದು ಬರುತ್ತದೆ. ‘ಅಡಿಕೆ ಬೇಯಿಸಿದ ಕೆಂಪು ರಸ (3)’ ಎಂಬುದಕ್ಕೆ ಗುಂಪಿಗೆ ಗುಂಪೇ ಕೈಚೆಲ್ಲಿ ಕೂತಿತ್ತು. ಒಂಬತ್ತೂವರೆಗೆ ಹೆಗಡೇರು ಬಂದರು. ಅವರ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಮನೆಯ ಹಿಂದಿನ ದಿಬ್ಬ ಹತ್ತಿದರೆ ಮಾತ್ರ. “ಇದು ಗೊತ್ತಿಲ್ವಾ ನಿಮಗೆ? ನಮ್ಮನೆ ಅಂಗಳದ ತುಂಬ ಇದೇ ಕಲೆ” ಎಂದರು. ಅಂಗಳದ ಕಲೆ ಎಂದ ಕೂಡಲೇ ಟೀಚರಕ್ಕನಿಗೆ ಹೊಳೆಯಿತು: ಚೊಗರು. ಹೆಗಡೇರು ಉತ್ತರ ಹೇಳಲಿಲ್ಲ, ಅಂಗಳ ತೋರಿಸಿದರು. ಸುಳಿವು ಕೊಡುವುದು ಒಂದು ಕಲೆ. ಜಾಸ್ತಿ ಹೇಳಿದರೆ ಉತ್ತರವಾಗುತ್ತದೆ, ಕಡಿಮೆ ಹೇಳಿದರೆ ಕೇಳಿದವರಿಗೆ ಸಂಕಟ. ಯಾರ ಮನೆಯಲ್ಲಿ ಏನಿದೆ, ಯಾರಿಗೆ ಏನು ಗೊತ್ತಿರಬಹುದು ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಕೊಡಬೇಕಾಗುತ್ತದೆ. ಹೀಗಾಗಿ ಗುಡಿಗಾರರಿಗೆ ಉಳಿಯ ಭಾಷೆಯಲ್ಲಿ, ಟೀಚರಕ್ಕನಿಗೆ ಅಡುಗೆಮನೆಯ ಭಾಷೆಯಲ್ಲಿ ಸುಳಿವು ಹೋಗುತ್ತದೆ.

ಮೊದಮೊದಲು ಕೆಲವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುತ್ತಿದ್ದರು. ಪದಬಂಧದ ಮಾತಿಗೆ ಅದು ಒಗ್ಗುವುದಿಲ್ಲ. ಲ ಯಾವುದು ಳ ಯಾವುದು, ನ ಯಾವುದು ಣ ಯಾವುದು ತಿಳಿಯುವುದೇ ಇಲ್ಲ. ಹೆಗಡೇರ ತೋಟದ ಕೊಳೆ ರೋಗವೂ ಕೊಲೆ ಎಂದು ಓದಿಸಿಕೊಳ್ಳುತ್ತದೆ. ಹಾಗಾಗಿ ಶಿರಾಳಕೊಪ್ಪದ ಹುಡುಗಿ ಒಬ್ಬೊಬ್ಬರಿಗೂ ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕುವುದು ಹೇಗೆ, ಒತ್ತಕ್ಷರ ಮೂಡಿಸುವುದು ಹೇಗೆ ಎಂದು ವಿಡಿಯೊ ಮಾಡಿ ಕಳಿಸಿದಳು. ಈಗ ಹೆಗಡೇರು ಅಡಿಕೆ ಮಂಡಿಯವರಿಗೂ ಕನ್ನಡದಲ್ಲೇ ಮೆಸೇಜ್ ಹಾಕುತ್ತಾರೆ.

ಪತ್ರಿಕೆಯ ಪದಬಂಧ ಇಡೀ ರಾಜ್ಯಕ್ಕೆ. ಅದರಲ್ಲಿ ಶಿಕಾರಿಪುರ, ಸೊರಬ ಎಂಬ ನಮ್ಮ ಎರಡು ತಾಲ್ಲೂಕು ಬರುವುದು ಅಪರೂಪ. ಬಂದರೆ ಅಲ್ಲಮನ ಅಂಕಿತವೋ ಅಕ್ಕಮಹಾದೇವಿಯ ಊರೋ ಬರುತ್ತದೆ. ಅದಕ್ಕಾಗಿ ಭಾನುವಾರ ನಾವೇ ಒಂದು ಮಾಡಿಕೊಳ್ಳುತ್ತೇವೆ. ಸುಳಿವು ಸರದಿಯ ಮೇಲೆ ಒಬ್ಬೊಬ್ಬರದು, ಮನೆ ಹೊಂದಿಸುವ ಕೆಲಸ ನನ್ನದು. ಕಪ್ಪು ಬಿಳಿ ಚೌಕಗಳ ಟೇಬಲ್ ಮಾಡಿ, ಚಿತ್ರವಾಗಿಸಿ ಗುಂಪಿಗೆ ಹಾಕುತ್ತೇನೆ. ಇಲ್ಲಿ ಶಬ್ದಗಳಿಗೆ ಬರವಿಲ್ಲ. ‘1942ರಲ್ಲಿ ತನ್ನದೇ ಸರ್ಕಾರ ಸಾರಿಕೊಂಡ ಹಳ್ಳಿ (3)’ ಈಸೂರು. ‘ಹಕ್ಕಿಗಳ ತವರು (3)’ ಎಂದರೆ ಸೊರಬದವರು ಕಣ್ಮುಚ್ಚಿಕೊಂಡು ಗುಡವಿ ಎನ್ನುತ್ತಾರೆ. ಶಿಕಾರಿಪುರದ ಹೊಳೆ ಕುಮುದ್ವತಿ, ಸೊರಬದ ಹೊಳೆ ದಂಡಾವತಿ. ಎರಡೂ ನಾಲ್ಕು ಮನೆ, ಎರಡರ ಕೊನೆಯೂ ‘ತಿ’. ಕುಮುದ್ವತಿ ತುಂಗಭದ್ರೆಗೆ ಹೋಗುತ್ತದೆ, ದಂಡಾವತಿ ವರದೆ ಸೇರಿ ಆಮೇಲೆ ತುಂಗಭದ್ರೆ ಮುಟ್ಟುತ್ತದೆ. ನಾನು ಒಂದನ್ನು ಅಡ್ಡ, ಒಂದನ್ನು ಉದ್ದ ಹಾಕಿ ಒಂದೇ ‘ತಿ’ಯಲ್ಲಿ ಸೇರಿಸಿದ ದಿನ ಎರಡೂ ತಾಲ್ಲೂಕಿನವರು ಖುಷಿಪಟ್ಟಿದ್ದರು.

ಒಂದು ಭಾನುವಾರದ್ದನ್ನು ಪೂರ್ತಿ ಹೇಳಬೇಕು. ಎಡದಿಂದ ಬಲಕ್ಕೆ, ‘ತಾಳಗುಂದದ ಸ್ತಂಭ ಶಾಸನದ ಕವಿ (2)’. ಅದರ ಎರಡನೇ ಮನೆಗೆ ಮೇಲಿನಿಂದ ಇಳಿದು ಬರುವುದು ‘ತಾವರೆ (2)’. ಟೀಚರಕ್ಕ ತಾವರೆಗೆ ‘ಪದ್ಮ’ ತುಂಬಿದರು. ಮನೆಯೇನೋ ಸರಿಹೋಯಿತು, ಕವಿ ಕೆಟ್ಟ.

“ಮೇಷ್ಟ್ರೇ, ‘ದ್ಮ’ದಲ್ಲಿ ಮುಗಿಯೋ ಕವಿ ಯಾರಿದಾರೆ?”

“ಕವಿ ಹಾಗೇ ಇರ್ಲಿ ಅಕ್ಕ, ತಾವರೆ ಬದಲಾಯಿಸಿ ನೋಡಿ.”

“ಕಮಲ ಅಂದ್ರೆ ಮೂರಾಗ್ತದಲ್ಲ.”

“ನೀರಿಗೆ ಅಪ್ಪು ಅಂತಾರೆ ನೋಡಿ, ಪಂಚಭೂತದಲ್ಲಿ. ಅಲ್ಲಿಂದ ಹಿಡೀರಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಟೀಚರಕ್ಕ: “ಸಿಕ್ತು! ಎರಡೂ ಒಟ್ಟಿಗೇ ಸಿಕ್ತು!” ನೀರಿನಲ್ಲಿ ಹುಟ್ಟಿದ್ದು ಅಬ್ಜ, ‘ಬ್ಜ’ ಬಂದ ಮೇಲೆ ಕವಿ ಕುಬ್ಜ. ಕನ್ನಡದಲ್ಲಿ ‘ಬ್ಜ’ದಲ್ಲಿ ಕೊನೆಯಾಗುವ ಶಬ್ದಗಳನ್ನು ಬೆರಳಲ್ಲಿ ಎಣಿಸಬಹುದು, ಅದಕ್ಕೇ ಅವೆರಡನ್ನು ಜೊತೆ ಮಾಡಿದ್ದೆ. ಕುಬ್ಜ ಐದನೇ ಶತಮಾನದವನು. ಕದಂಬರ ಶಾಂತಿವರ್ಮನ ಕಾಲದಲ್ಲಿ ಮಯೂರಶರ್ಮನಿಂದ ಹಿಡಿದು ಆ ವಂಶದ ಕಥೆಯನ್ನು ಸಂಸ್ಕೃತದಲ್ಲಿ ಕಟ್ಟಿ, ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ತಾನು ರಚಿಸಿದ್ದನ್ನು ತಾನೇ ಕಲ್ಲಿಗೆ ಇಳಿಸಿದವನು ನಮ್ಮ ಕಸುಬಿನವನೇ ಎಂದು ನನಗೆ ಅವನ ಮೇಲೆ ವಿಶೇಷ ಅಭಿಮಾನ. ಅದೇ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ ಅಗೆದಾಗ ಸಿಕ್ಕ ಸಿಂಹಕಟಾಂಜನದ ಬರಹ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಎಂದು ಪುರಾತತ್ವ ಇಲಾಖೆಯ ವಿದ್ವಾಂಸರು ಹೇಳಿದ್ದಾರೆ.

ಮೇಷ್ಟ್ರು ಇದನ್ನೆಲ್ಲ ಗುಂಪಿನಲ್ಲಿ ಬರೆದದ್ದನ್ನು ಓದಿ ಕಂಡಕ್ಟರು ಹಾಕಿದ ಉತ್ತರ: “ದಿನಾ ಆ ಸ್ಟಾಪಲ್ಲಿ ಜನ ಇಳಿಸ್ತೀನಿ. ನಾನು ಒಂದ್ಸಲನೂ ಇಳಿದಿಲ್ಲ.” ಮುಂದಿನ ವಾರದ ರಜೆಯಲ್ಲಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಸ್ತಂಭದ ಫೋಟೊ ಕಳಿಸಿದರು.

ಈ ಎರಡೂ ತಾಲ್ಲೂಕಿನಲ್ಲಿ ರಾಜಕೀಯದ ಬಿಸಿ ಯಾವಾಗಲೂ ಇದ್ದದ್ದೇ. ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ ಮುಖ್ಯಮಂತ್ರಿಗಳಾದರು. ಚುನಾವಣೆ ಬಂದರೆ ಮನೆಯೊಳಗೇ ಮಾತು ಬಿಟ್ಟವರಿದ್ದಾರೆ. ನಮ್ಮಲ್ಲೂ ಎಲ್ಲ ಪಕ್ಷದವರೂ ಇದ್ದಾರೆ. ಒಬ್ಬರು ಒಮ್ಮೆ ಭಾಷಣದ ವಿಡಿಯೊ ಹಾಕಿದಾಗ ಮೇಷ್ಟ್ರು, “ಇದು ಎಡದಿಂದ ಬಲಕ್ಕಾ, ಮೇಲಿನಿಂದ ಕೆಳಕ್ಕಾ? ಎರಡೂ ಅಲ್ಲ ಅಂದ್ರೆ ತೆಗೀರಿ” ಎಂದರು. ಹಾಕಿದವರು ತೆಗೆದರು. ಆಮೇಲೆ ಯಾರೂ ಹಾಕಿಲ್ಲ.

ಮೇಷ್ಟ್ರ ಕಣ್ಣಿನ ಪೊರೆಯ ಆಪರೇಷನ್ ಆದಾಗ ಕೆಲವು ದಿನ ಓದುವಂತಿರಲಿಲ್ಲ, ಫೋನ್ ನೋಡುವಂತಿರಲಿಲ್ಲ. ಟೀಚರಕ್ಕ ಬೆಳಿಗ್ಗೆ ಸುಳಿವುಗಳನ್ನು ಧ್ವನಿ ಸಂದೇಶದಲ್ಲಿ ಓದಿ ಕಳಿಸತೊಡಗಿದರು. ಬರಿ ಸುಳಿವು ಸಾಲದಲ್ಲ, ಚೌಕವೂ ಬೇಕು. “ಮೊದಲನೇ ಸಾಲು: ನಾಲ್ಕು ಬಿಳಿ, ಒಂದು ಕಪ್ಪು, ಮತ್ತೆ ನಾಲ್ಕು ಬಿಳಿ. ಎರಡನೇ ಸಾಲು: ಒಂದು ಬಿಳಿ, ಒಂದು ಕಪ್ಪು...” ಹೀಗೆ ನಿಧಾನವಾಗಿ, ಸಾಲಿನಿಂದ ಸಾಲಿಗೆ ಉಸಿರು ಬಿಟ್ಟು ಓದುತ್ತಿದ್ದರು, ಹಿಂದೆ ಅಂಗನವಾಡಿ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಮೇಷ್ಟ್ರು ಕಣ್ಮುಚ್ಚಿ ಮಲಗಿ ಅಷ್ಟೂ ಮನೆಗಳನ್ನು ತಲೆಯಲ್ಲಿ ಹಿಡಿದು, ಸೊಸೆಯ ಕೈಯಲ್ಲಿ ರೆಕಾರ್ಡ್ ಮಾಡಿಸಿ ಕಳಿಸುವರು: “ಅಕ್ಕ, ಮೂರನೇ ಸಾಲಿನ ಐದನೇ ಮನೆ ‘ರ’ ಅಲ್ವಾ? ಹಾಗಿದ್ರೆ ಕೆಳಗಿಳಿಯೋದು ನಂಗೆ ಸಿಕ್ತು. ಹೇಳೋದಿಲ್ಲ.” ಓದಿಕೊಟ್ಟ ಟೀಚರಕ್ಕನಿಗೂ ಅವರು ಹತ್ತರವರೆಗೆ ಉತ್ತರ ಹೇಳುತ್ತಿರಲಿಲ್ಲ. ಹೇಳಿದ್ದರೆ ಅಕ್ಕನಿಗೇ ಬೇಜಾರಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಪದಬಂಧ ಎಂಬುದನ್ನು ನಮಗೆ ಕೊಟ್ಟವರು ಆರ್ಥರ್ ವಿನ್. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಅವರು ರಚಿಸಿದ ಮೊದಲ ಪದಬಂಧ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ವಜ್ರದ ಆಕಾರದಲ್ಲಿ. 1924ರಲ್ಲಿ ಮೊದಲ ಪದಬಂಧ ಪುಸ್ತಕ ಬಂದಾಗ ಪ್ರಕಾಶಕರು ಪ್ರತಿಯೊಂದರ ಜೊತೆಗೂ ಒಂದು ಪೆನ್ಸಿಲ್ ಕಟ್ಟಿ ಕೊಟ್ಟರು. ನಿಘಂಟು ಎಂದಾಗ ಕನ್ನಡಿಗರು ನೆನೆಯುವ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರಲ್ಲಿ, ಪದಬಂಧಕ್ಕಿಂತ ನಾಲ್ಕು ತಿಂಗಳು ಮೊದಲು. 2021ರಲ್ಲಿ, 107ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ದಿನ ನಮ್ಮ ಗುಂಪಿನಲ್ಲಿ ಯಾರೂ ಪದಬಂಧದ ಮಾತೆತ್ತಲಿಲ್ಲ. ಅವರ ‘ಇಗೋ ಕನ್ನಡ’ ಅಂಕಣದ ಕತ್ತರಿಕೆಗಳನ್ನು ಅಂಟಿಸಿಟ್ಟ ಹಳೆಯ ನೋಟ್‌ಬುಕ್ಕಿನ ಪುಟಗಳನ್ನು ಮೇಷ್ಟ್ರು ಒಂದೊಂದಾಗಿ ಕಳಿಸಿದರು.

ನಿಘಂಟು ನೋಡಬಹುದೇ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ನೋಡಬಹುದು ಎಂಬುದು ನನ್ನ ಅಭಿಪ್ರಾಯ. ಕಿಟೆಲ್ ನಿಘಂಟು ತಿರುವಿದರೆ ಹುಡುಕಿದ ಶಬ್ದದ ಪಕ್ಕದಲ್ಲಿ ಇನ್ನೂ ಹತ್ತು ಶಬ್ದ ಕಣ್ಣಿಗೆ ಬೀಳುತ್ತವೆ, ನಷ್ಟವೇನಿಲ್ಲ. ಸುಳಿವನ್ನು ಹಾಗೇ ಫೋನಿಗೆ ಹೇಳಿ ಉತ್ತರ ತರಿಸಿಕೊಳ್ಳುವುದು ಬೇರೆ. ಅದರಲ್ಲಿ ಕಾಯುವುದೂ ಇಲ್ಲ, ಇನ್ನೊಬ್ಬರನ್ನು ಕೇಳುವುದೂ ಇಲ್ಲ. ಹಾಗೆ ತುಂಬಿದ ಚೌಕದಲ್ಲಿ ಮಾತಾಡಲು ಏನೂ ಉಳಿದಿರುವುದಿಲ್ಲ. ಶಿರಾಳಕೊಪ್ಪದ ಹುಡುಗಿ ನನಗಿಂತ ಎಷ್ಟೋ ಚೆನ್ನಾಗಿ ಫೋನು ಬಲ್ಲವಳು, ಆದರೂ ಅವಳೇ ಈ ವಿಷಯದಲ್ಲಿ ಎಲ್ಲರಿಗಿಂತ ಬಿಗಿ. “ಅಣ್ಣ, ಸಿಗ್ಲಿಲ್ಲ ಅಂದ್ರೆ ಖಾಲಿ ಬಿಡಿ” ಎನ್ನುತ್ತಾಳೆ. ಈಚೆಗೆ ಭಾನುವಾರದ ಪದಬಂಧದ ಮನೆ ಹೊಂದಿಸುವುದನ್ನೂ ಕಲಿಯುತ್ತಿದ್ದಾಳೆ. ಮೊದಲು ಉದ್ದನೆಯ ಶಬ್ದ ಹಾಕಿಕೋ, ‘ಲು’, ‘ರು’, ‘ಡು’ ಕೊನೆಯಾಗುವ ಶಬ್ದಗಳನ್ನು ಬಲಗಡೆಯ ಅಂಚಿಗೆ ಇಡು, ಕಷ್ಟದ ಒತ್ತಕ್ಷರಕ್ಕೆ ಜೊತೆ ಸಿಗದಿದ್ದರೆ ಅದರ ಕೆಳಗೆ ಮೇಲೆ ಕಪ್ಪು ಕೊಡು ಎಂದು ನನಗೆ ಗೊತ್ತಿದ್ದಷ್ಟು ಹೇಳಿಕೊಟ್ಟಿದ್ದೇನೆ.

ನಿಮ್ಮೂರಿನಲ್ಲಿ ಇಂಥದ್ದೊಂದು ಶುರು ಮಾಡುವುದಿದ್ದರೆ ಐದಾರು ಜನ ಸಾಕು, ಕಸುಬು ಬೇರೆ ಬೇರೆಯಾಗಿದ್ದಷ್ಟೂ ಒಳ್ಳೆಯದು. ಎಲ್ಲರೂ ಒಂದೇ ಪತ್ರಿಕೆ ತೆಗೆದುಕೊಳ್ಳಿ. ಪೇಪರು ಕೊನೆಗೆ ಯಾರಿಗೆ ತಲುಪುತ್ತದೆ ಎಂದು ವಿಚಾರಿಸಿಕೊಂಡು ಹೊತ್ತು ಗೊತ್ತುಮಾಡಿ. ಯಾರಿಗಾದರೂ ಪೇಪರು ಬಾರದ ದಿನ ಫೋಟೊ ಕಳಿಸಬೇಕಾದರೆ, ಕೆಳಗಡೆ ಅಚ್ಚಾಗಿರುವ ಹಿಂದಿನ ದಿನದ ಉತ್ತರದ ಭಾಗವನ್ನು ಮಡಚಿ ತೆಗೆಯಿರಿ. ನಿನ್ನೆಯದನ್ನು ಇನ್ನೂ ಬಿಡದೆ ಹಿಡಿದು ಕೂತವರು ಒಬ್ಬರಾದರೂ ಇದ್ದೇ ಇರುತ್ತಾರೆ.